ಧೂಳು ಸುದ್ದಾ ಕಟ್ಟಿಗೊಂಡು

ಚಿಗವ್ವನ ಕೈಯಾಗಿಂದ ಫೋನ್ ಕಸಗೊಂಡೆ. ಆಕಿ ಮಾನ್ವಿ ಊರಾಗ ನಮ್ಮ ಮನಿ ಬಾಗಿಲಾಗ ಕುಂತು ಅಳಾಕತ್ತಿದ್ಲು. ಯಾವುದೋ ಗ್ರೂಪಿನಾಗ ವಿಡಿಯೋ ಬಂದಿತ್ತು, ಗಡಿಯಾಗ ನಮ್ಮ ಸೈನ್ಯದ ಲಾರಿ ರಿವರ್ಸ್ ಹೊಡಕೊಂಡು ಓಡಿ ಬರಾಕತ್ತಾವ ಅಂತ. ಆಕಿ ಮಗ ಅಲ್ಲೇ ಲಾರಿ ಹೊಡೀತಾನ.

ಎರಡು ಸಲ ನೋಡಿದೆ. ಧೂಳು ಮ್ಯಾಲಿಂದ ಇಳಿದು ಗಾಲಿಯೊಳಗ ಹೊಕ್ಕಾಕತ್ತಿತ್ತು. ನಕ್ಕುಬಿಟ್ಟೆ. "ನಗ್ತೀಯೇನಲೇ ಮೂಳಾ?" ಅಂದ್ಲು. ನನಗ ಪಿಚ್ಚರ್ ತಾತ ನೆನಪಾಗಿದ್ದ...

ತಾತಂದು ನಮ್ಮ ಓಣಿಯಾಗ ವಾಚ್ ರಿಪೇರಿ ಅಂಗಡಿ ಇತ್ತು. ವಯಸ್ಸಿದ್ದಾಗ ಸರ್ಕಾರದ ಜೀಪಿನಾಗ ಮಶಿನ್ ಹಾಕ್ಕೊಂಡು ಊರೂರು ತಿರುಗಿ ಯುದ್ಧದ ಪಿಚ್ಚರ್ ತೋರಿಸ್ತಿದ್ದ. ಪಿಚ್ಚರ್ ಹಿಂದಿಯಾಗ, ಮೈಕ್ ಹಿಡಿದು ಕನ್ನಡದಾಗ ಹೇಳಾವ ಇವನ. ದೇವದುರ್ಗದಾಗ ಒಂದ್ ಸಲ ಮಶಿನ್ನಿಂದು ತಪ್ಪು ಗುಂಡಿ ಒತ್ತಿದ, ರೀಲು ಉಲ್ಟಾ ತಿರುಗಿತು. ನಮ್ಮ ಟ್ಯಾಂಕ್ ಎಲ್ಲಾ ಹಿಂದಕ್ಕ ಹೊಂಟ್ವು. ಸಾಹೇಬ್ರು ಮುಂದಿನ ಕುರ್ಚಿಯಾಗ ಕುಂತಾರ. ನೌಕರಿ ಹೋತು ಅಂತ ಹೆದರಿ ತಾತ ಮೈಕಿನಾಗ ಒದರಿದ: "ಇವು ದುಶ್ಮನ್ ಟ್ಯಾಂಕ್ ನೋಡ್ರಿ! ಓಡಿ ಹೊಂಟಾವ!"

ಜನ ಸೀಟಿ ಹೊಡೀತು. ಒಬ್ಬಾಕಿ ಮುದುಕಿ ಎದ್ದು ನಿಂತು ಕೇಳಿದ್ಲಂತ, "ತಮ್ಮಾ, ಧೂಳ್ಯಾಕ ವಾಪಸ್ ಗಾಲಿಗೆ ಹೊಕ್ಕಾಕತ್ತದ?"

"ಅಷ್ಟು ಹೆದರ್ಯಾರ ಯವ್ವಾ, ಧೂಳು ಸುದ್ದಾ ಕಟ್ಟಿಗೊಂಡು ಹೊಂಟಾರ!"

ಸಾಹೇಬ್ರು ಬೆನ್ನು ಚಪ್ಪರಿಸಿ, ಮುಂದಿನ ಊರಾಗೂ ಹಿಂಗ ತಿರುವಿ ಹಾಕು ಅಂದ್ರಂತ.

ಇಷ್ಟು ಹೇಳಿ ತಾತ ಹೊಟ್ಟಿ ಹಿಡಕೊಂಡು ನಗ್ತಿದ್ದ. ಆಮ್ಯಾಲ ಒಂದ್ ವಾಚ್ ತಗೊಂಡು ಬಿಚ್ಚಕೊಂತ ಆ ಮುದುಕಿ ಮಾತು ತೆಗೀತಿದ್ದ. ಆ ಮುದುಕಿ ಮಗ ಸೈನ್ಯದಾಗ ಇದ್ನಂತ. "ನನ್ನ ಮಾತು ನಂಬಿ ನಗಕೊಂತ ಮನಿಗಿ ಹೋದ್ಲು ಲೇ. ಆಕಿ ಮಗ ಮಾತ್ರ..." ಮುಂದಿಂದು ಯಾವತ್ತೂ ಹೇಳಲಿಲ್ಲ.

"ವಿಡಿಯೋ ತಿರುವಿ ಹಾಕ್ಯಾರ ಚಿಗವ್ವಾ, ಧೂಳು ನೋಡು" ಅಂದೆ.

"ಹಂಗಾರ ನನ್ನ ಮಗ ಆರಾಮ ಅದಾನ?"

ಹೂಂ ಅನ್ನಾಕ ಬಾಯಿ ತೆರೆದಿದ್ದೆ. ತಾತನ ಮಾರಿ ಕಣ್ಣಮುಂದ ಬಂತು. "ಅದು ನನಗ ಗೊತ್ತಿಲ್ಲ. ವಿಡಿಯೋ ಸುಳ್ಳು, ಅಷ್ಟ ಗೊತ್ತು."

"ಒಂದ್ ಒಳ್ಳೆ ಮಾತು ಆಡಾಕ ಬರಂಗಿಲ್ಲೇನ ನಿನಗ?" ಅಂತ ಬಾಯಿಗೆ ಬಂದಂಗ ಬೈದ್ಲು. ಸಂಜಿಕಿ ಮಗನ ಫೋನ್ ಬಂತು, ಇಲ್ಲಿ ಬ್ಯಾಳಿ ಸಾರು ಚಲೋ ಮಾಡಂಗಿಲ್ಲ ಅಂತ. ಚಿಗವ್ವ ಅಳಕೊಂತನ ಅವನಿಗೂ ಬೈದ್ಲು.

ತಾತಗ ಹೇಳಬೇಕಂತ ಓಣಿ ತುದಿತನಕ ಹೋದೆ. ಅಂಗಡಿಯಾಗ ಈಗ ಯಾವನೋ ಮೊಬೈಲ್ ರಿಪೇರಿ ಮಾಡ್ತಾನ. ತಾತ ಸತ್ತು ಎರಡು ವರ್ಷ ಆತು. ನನಗ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಇಷ್ಟ. ಇನ್ನ ಹೇಳಾಕ ಏನೂ ಇಲ್ಲ.