ಮೂಲೆ ಅಂಗಡಿಯ ಚೀನೋ

ಲಿಮಾದ ನಮ್ಮ ಬೀದಿಯಲ್ಲಿ ಮೂಲೆ ಅಂಗಡಿ ಯಾರೇ ಇಟ್ಟಿರಲಿ, ಅವನನ್ನು ಎಲ್ಲರೂ ‘ಚೀನೋ’, ಅಂದರೆ ಚೀನಾದವನು, ಎಂದೇ ಕರೆಯುವುದು. ನಮ್ಮವನು ನಿಜಕ್ಕೂ ಚೀನಾದಿಂದ ಬಂದವನು. ಮೂವತ್ತೊಂದು ವರ್ಷ ಆಲಿವ್ ಕಾಯಿ ತೂಗಿಕೊಟ್ಟ. ಕೇಳುವ ಮೊದಲೇ ಎರಡು ಕಾಯಿ ಕೊಸರು ಹಾಕುತ್ತಿದ್ದ. ನನ್ನ ಗಂಡ ಸತ್ತ ದಿನ ಅಂಗಡಿ ಮುಚ್ಚಿ ಬಂದು ಶವಪೆಟ್ಟಿಗೆಗೆ ಹೆಗಲು ಕೊಟ್ಟ.

ಹೋದ ತಿಂಗಳು ಮಂಡಿನೋವೆಂದು ಅಂಗಡಿಯನ್ನು ಪುನೋ ಬೆಟ್ಟದ ಸೀಮೆಯ ಫೆರ್ಮಿನ್ ಚೋಕೆ ಎಂಬವನಿಗೆ ಮಾರಿ, ತಾನು ಮೇಲಿನ ಕೋಣೆಯಲ್ಲೇ ಉಳಿದುಕೊಂಡ.

ಮರುದಿನವೇ ನಾನು ಹೋಗಿ, “ಚೀನೋ, ಕಾಲು ಕಿಲೋ ಆಲಿವ್ ಕೊಡಪ್ಪ. ಕೊಸರು ಮರೀಬೇಡ,” ಎಂದೆ.

“ನಾನು ಪುನೋದವನಮ್ಮ. ಚೀನಾ ಯಾವ ದಿಕ್ಕಲ್ಲಿದೆ ಅಂತಾನೂ ಗೊತ್ತಿಲ್ಲ,” ಎಂದ ಫೆರ್ಮಿನ್.

“ಈ ತಕ್ಕಡಿ ಹಿಡಿದ ಮೇಲೆ ನೀನೇ ಚೀನೋ. ಸುಮ್ನೆ ತೂಗು.”

ವಾರದೊಳಗೆ ಅವನು ಆ ಹೆಸರಿಗೆ ಓಗೊಡತೊಡಗಿದ.

ಭಾನುವಾರ ಮೊಮ್ಮಗಳ ಹುಟ್ಟುಹಬ್ಬದ ಊಟಕ್ಕೆ ಹಳಬನನ್ನು ಕರೆಯಲು ಹೋದೆ. ಮೆಟ್ಟಿಲು ಹತ್ತಲು ನನಗೂ ಮಂಡಿ ಬಿಡದು. ಕೆಳಗೇ ನಿಂತು, “ಚೀನೋ,” ಎಂದು ಕೂಗಿದೆ.

ಫೆರ್ಮಿನ್ ಅಂಗಡಿಯಿಂದ ಹೊರಬಂದ. “ಏನ್ ಬೇಕಿತ್ತಮ್ಮ?”

“ನೀನಲ್ಲ ಕಣೋ, ಮೇಲಿನವನು.”

“ಹಂಗಾದ್ರೆ ಅವರ ಹೆಸರು ಹಿಡಿದು ಕರೀರಿ.”

ಬಾಯಿ ತೆರೆದೆ. ಬಾಯಿಗೆ ಬಂದದ್ದು ಮತ್ತೆ ‘ಚೀನೋ’ ಒಂದೇ. ಗಂಡನಿಗೆ ಹೆಗಲು ಕೊಟ್ಟವನ ಹೆಸರನ್ನು ನಿನ್ನೆ ಮೊನ್ನೆ ಬಂದ ಇವನ ಹತ್ತಿರ ಕೇಳುವುದೋ, ಮನೆಗೆ ಹಿಂದಿರುಗುವುದೋ ತೋಚದೆ ನಿಂತೆ.

ಅಷ್ಟರಲ್ಲಿ ಮೇಲಿನ ಕಿಟಕಿ ತೆರೆಯಿತು.

“ಯಾರನ್ನ ಕರೆದ್ರಿ ಓರ್ತೆನ್ಸಿಯಮ್ಮ,” ಎಂದು ಕೇಳಿದ, “ಅವನನ್ನೋ, ನನ್ನನ್ನೋ?”