ಹೊಂಗೆ ಮರದಮ್ಮ

ನಮ್ಮ ಬೀದಿಯ ಮೂಲೆಯಲ್ಲಿ ಒಂದು ಹೊಂಗೆ ಮರವಿತ್ತು. ಈಗ ಅಲ್ಲಿ ಹೊಂಗೆ ಮರದಮ್ಮನ ಗುಡಿಯಿದೆ. ಈ ಎರಡರ ನಡುವೆ ನಡೆದದ್ದನ್ನು ಹೇಳಹೊರಟರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಆದರೆ ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯುವುದಿಲ್ಲ. ಯಾರಾದರೂ ಕೆಟ್ಟವರು ಇದ್ದಿದ್ದರೆ ನಾಲ್ಕು ಬೈದು ಹಗುರಾಗಬಹುದಿತ್ತು. ಇದ್ದವರೆಲ್ಲ ಒಳ್ಳೆಯವರೇ. ಅದೇ ಕರ್ಮ.

ನಮ್ಮದು ಬನಶಂಕರಿಯಲ್ಲಿ, ಕತ್ರಿಗುಪ್ಪೆಗೆ ತಾಗಿಕೊಂಡಂತಿರುವ ಬೀದಿ. ಮನೆಯಲ್ಲಿ ಅಮ್ಮ ಮತ್ತು ನಾನು. ಗೇಟು ದಾಟಿದರೆ ಹೊಂಗೆ, ಅದರ ಕೆಳಗೆ ಯಾರೋ ಯಾವಾಗಲೋ ತಂದು ಹಾಕಿದ್ದ ಚಪ್ಪಡಿ ಕಲ್ಲು. ಅಮ್ಮನಿಗೆ ಮಂಡಿನೋವು. ಪಾರ್ಕಿನವರೆಗೆ ನಡೆಯಲಾರಳು. ಮೂರು ಹೊತ್ತೂ ಟೀವಿ ಮುಂದೆ ಕೂರುವ ಜಾಯಮಾನವೂ ಅಲ್ಲ. ಅವಳಿಗೆ ಆ ಚಪ್ಪಡಿ ಕಲ್ಲೇ ಪಾರ್ಕು, ಅದೇ ಕ್ಲಬ್ಬು. ಅವರೆಕಾಯಿ ಕಾಲ ಬಂತೆಂದರೆ ಮುಗಿಯಿತು. ಬೀದಿಯ ಹೆಂಗಸರೆಲ್ಲ ಮೊರ ಹಿಡಿದುಕೊಂಡು ಅಲ್ಲಿಗೇ ಬರುತ್ತಿದ್ದರು. ಕಾಯಿ ಸುಲಿಯುವುದು, ನೆನೆಸಿದ ಕಾಳನ್ನು ಹಿತುಕಿ ಸಿಪ್ಪೆ ತೆಗೆಯುವುದು, ಜೊತೆಗೆ ಯಾರ ಮನೆಯ ಸೊಸೆ ಹೇಗೆ ಎಂಬ ವಿಚಾರಣೆ. "ಒಳಗೆ ಕೂತು ಸುಲಿದ್ರೆ ಬರೀ ಕೈ ನೋಯತ್ತೆ, ಇಲ್ಲಿ ಸುಲಿದ್ರೆ ಗೊತ್ತೇ ಆಗಲ್ಲ" ಎನ್ನುತ್ತಿದ್ದಳು ಅಮ್ಮ. ಆ ನೆರಳು ಹೋದರೆ ಅವಳಿಗೆ ನಾಲ್ಕು ಗೋಡೆಯೇ ಗತಿ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಆದರೆ ಒಂದೇ ಮರ ಎಲ್ಲರ ಕಣ್ಣಿಗೂ ಒಂದೇ ಥರ ಕಾಣುತ್ತದೆಯೇ? ಮೂಲೆಯ ಕಟ್ಟಡದ ಓನರ್ ಇದೇ ಊರಿನ ಹಳೇ ಮನೆತನದವರು. ಈ ಬಡಾವಣೆಯೆಲ್ಲ ಹೊಲವಾಗಿದ್ದಾಗ ಅವರ ತಂದೆ ಇಲ್ಲೇ ರಾಗಿ ಬೆಳೆದಿದ್ದರಂತೆ. ಕೆಳಗೆ ಅಂಗಡಿಗಳನ್ನು ಬಾಡಿಗೆಗೆ ಕೊಟ್ಟಿದ್ದ ಅವರಿಗೆ ಬೋರ್ಡುಗಳನ್ನು ಮುಚ್ಚುವ ಈ ಮರ ಬೇಡವಾಗಿತ್ತು. "ನಮ್ಮಪ್ಪ ಹೊಂಗೆ ಸೊಪ್ಪು ಕಡ್ದು ಹೊಲಕ್ಕೆ ಹಾಕೋರು ಆಂಟಿ. ಕಡಿಯೋದು, ನೆಡೋದು, ಅದೇ ಅಲ್ವಾ ಬೇಸಾಯ? ಮರಕ್ಕೆಲ್ಲ ಅಳ್ತಾ ಕೂತ್ರೆ ಆಗತ್ತಾ?" ಎನ್ನುತ್ತಿದ್ದರು ಅಮ್ಮನಿಗೆ. ಅದರಲ್ಲಿ ಕ್ರೌರ್ಯವೇನೂ ಇರಲಿಲ್ಲ.

ಪಕ್ಕದ ಮನೆಯ ಅಂಕಲ್ ರಿಟೈರ್ಡ್ ಎಂಜಿನಿಯರ್. ಅವರ ಪಾಲಿಗೆ ಮರವೆಂದರೆ ಆಕ್ಸಿಜನ್ ಫ್ಯಾಕ್ಟರಿ. ಗ್ಲೋಬಲ್ ವಾರ್ಮಿಂಗ್ ಬಗ್ಗೆ ಬಾಯಿ ತೆರೆದರೆ ಕಾಫಿ ಆರಿ ತಣ್ಣಗಾಗುವವರೆಗೂ ಮುಚ್ಚುತ್ತಿರಲಿಲ್ಲ. ಕಾರಿನ ಮೇಲೆ ಹೊಂಗೆ ಹೂ ಉದುರಿದರೆ ಮಾತ್ರ ಬೀದಿಗೆಲ್ಲ ಕೇಳುವಂತೆ ಗೊಣಗುತ್ತಿದ್ದರು. ಇನ್ನು ನಾನು ಮೊಬೈಲಿನಲ್ಲಿ ಕಾಡು ಉಳಿಸಿ, ಕೆರೆ ಉಳಿಸಿ ಎಂದು ಬಂದದ್ದಕ್ಕೆಲ್ಲ ಬೆರಳೊತ್ತಿ ಸಹಿ ಹಾಕುವ ಪೈಕಿ. ಅಮ್ಮನೊಬ್ಬಳೇ ಆ ಮರಕ್ಕೆ ದಿನಾ ಅಕ್ಕಿ ತೊಳೆದ ನೀರು ಹಾಕುತ್ತಿದ್ದವಳು.

ಒಂದು ದಿನ ಮರದ ಮೈಮೇಲೆ ಕೆಂಪು ಬಣ್ಣದ ಗುರುತು ಬಿತ್ತು. ಚರಂಡಿ ಕೆಲಸವಂತೆ. ಮರ ಅಡ್ಡ ಬರುತ್ತದಂತೆ. ಎಂಜಿನಿಯರ್ ಅಂಕಲ್ ಇಂಗ್ಲಿಷಿನಲ್ಲಿ ಅರ್ಜಿ ಬರೆದರು, ನಾನು ಅದನ್ನು ವಾಟ್ಸಾಪಿನಲ್ಲಿ ಹಂಚಿದೆ. ಅರ್ಜಿಗೆ ಉತ್ತರ ಬರುವ ಮೊದಲೇ, ಬೆಳಗಾದರೆ ಗರಗಸದವರು ಬರುತ್ತಾರೆಂಬ ಸುದ್ದಿ ಬಂತು.

ಅಮ್ಮ ಅಟ್ಟದ ಮೇಲಿನಿಂದ ಗಾಜು ಸೀಳಿದ್ದ ಅಮ್ಮನವರ ಫೋಟೋ ಇಳಿಸಿಕೊಡು ಎಂದಳು. ಒಡೆದ ದೇವರ ಫೋಟೋವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಕಸಕ್ಕೆ ಹಾಕುವ ಹಾಗೂ ಇಲ್ಲ. ಎಲ್ಲರೂ ಯಾವುದಾದರೂ ಅಶ್ವತ್ಥ ಮರದ ಬುಡದಲ್ಲಿ ಇಟ್ಟು ಕೈಮುಗಿದು ಬರುತ್ತಾರೆ. ಅಮ್ಮ ಅದನ್ನು ಹೊಂಗೆಯ ಬುಡಕ್ಕೆ ಒರಗಿಸಿ, ಮರಕ್ಕೆ ಅರಿಶಿನದ ದಾರ ಸುತ್ತಿ, ಕೆಂಪು ಗುರುತಿನ ಮೇಲೇ ದೊಡ್ಡದಾಗಿ ಕುಂಕುಮ ಹಚ್ಚಿದಳು.

"ಇದೇನಮ್ಮ ನಾಟಕ?" ಎಂದೆ.

"ಜನಕ್ಕೆ ಮರ ಕಂಡ್ರೆ ಮರ್ಯಾದೆ ಇಲ್ಲ, ದೇವರು ಕಂಡ್ರೆ ಇದೆ. ಇರೋ ಮರ್ಯಾದೇನ ಉಪಯೋಗಿಸ್ಕೋಬೇಕು ಕಣೆ. ಸುಮ್ನಿರು."

ಬೆಳಿಗ್ಗೆ ಗರಗಸದವರು ಬಂದರು. ಮುಂದಾಳು ಫೋಟೋ ನೋಡಿದವನೇ ಚಪ್ಪಲಿ ಬಿಟ್ಟ. "ಅಮ್ಮನೋರು ಕೂತವ್ರೆ ಸಾರ್, ನಮ್ ಕೈಲಾಗಲ್ಲ. ಮನೇಲಿ ಮಕ್ಕಳು ಮರಿ ಇದಾವೆ" ಎಂದು ಗುತ್ತಿಗೆದಾರನಿಗೆ ಫೋನಿನಲ್ಲಿ ಹೇಳಿ ಹೊರಟೇಬಿಟ್ಟ. ಚರಂಡಿ ಮರವನ್ನು ಬಳಸಿಕೊಂಡು ಸೊಟ್ಟಗೆ ಹೋಯಿತು. ಅಬ್ಬಾ, ಆ ದಿನದ ಅಮ್ಮನ ಮುಖ ನೋಡಬೇಕಿತ್ತು! ಹಿತಕಬೇಳೆ ಸಾರು ಮಾಡಿ ಎಂಜಿನಿಯರ್ ಅಂಕಲ್ ಮನೆಗೂ ಕಳಿಸಿದಳು. "ನಿಮ್ಮ ಅರ್ಜಿಗಿಂತ ನಮ್ಮಮ್ಮನ ಫೋಟೋನೇ ವಾಸಿ ಅಂಕಲ್" ಎಂದು ನಾನು ಅವರನ್ನು ಚೆನ್ನಾಗಿ ರೇಗಿಸಿದೆ. ಅವರೂ ನಕ್ಕರು.

ಆ ನಗು ಅಲ್ಲಿಗೇ ನಿಲ್ಲಬೇಕಿತ್ತು. ಮೊದಲು ಸುತ್ತಮುತ್ತಲ ಮನೆಗಳ ಒಡೆದ ದೇವರುಗಳೆಲ್ಲ ಅಲ್ಲಿಗೆ ಬಂದು ಸೇರಿದವು. ಆಮೇಲೆ ನಿಂಬೆಹಣ್ಣು, ಹಸಿರು ಬಳೆ, ಶುಕ್ರವಾರದ ದೀಪ. ಕಟ್ಟಡದ ಓನರ್ ಮಗಳಿಗೆ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಅವರ ಹೆಂಡತಿ ಮರಕ್ಕೆ ಹರಕೆ ಕಟ್ಟಿಕೊಂಡರು, ವರ್ಷ ತುಂಬುವುದರೊಳಗೆ ಮೊಮ್ಮಗಳು ಹುಟ್ಟಿದಳು. ಆ ಮನುಷ್ಯ ಮಗುವನ್ನೆತ್ತಿಕೊಂಡು ಬಂದು ಮರದ ಬುಡದಲ್ಲಿ ಮಲಗಿಸಿ ಬಿಕ್ಕಿಬಿಕ್ಕಿ ಅತ್ತದ್ದನ್ನು ನಾನೇ ಕಂಡಿದ್ದೇನೆ. "ಕಡೀಬೇಕು ಅಂದಿದ್ದ ಬಾಯಿ ಇದು, ತಪ್ಪಾಯ್ತು ತಾಯಿ" ಎಂದು ಕೆನ್ನೆ ಕೆನ್ನೆ ಬಡಿದುಕೊಂಡರು. ಆ ಕಣ್ಣೀರು ಸುಳ್ಳಲ್ಲ. ನೋಡುತ್ತಿದ್ದ ನನ್ನ ಕಣ್ಣೂ ತುಂಬಿತ್ತು.

ಅವರೇ ಮುಂದೆ ನಿಂತು ಸಮಿತಿ ಮಾಡಿದರು. ತಾಯಿ ಮಣ್ಣಿನಲ್ಲಿ ಕೂರಬಾರದು, ಕಟ್ಟೆ ಕಟ್ಟಬೇಕು ಎಂದಾಯಿತು. ನಕ್ಷೆ ಬರೆದದ್ದು ಎಂಜಿನಿಯರ್ ಅಂಕಲ್. ಮರ ಹೇಗೂ ಉಳಿಯಿತಲ್ಲ, ಹೇಗೆ ಉಳಿದರೇನು ಎಂಬುದು ಅವರ ಲೆಕ್ಕಾಚಾರ. ಜೀವಮಾನವಿಡೀ ಸೋರದ ತಳಪಾಯ ಹಾಕಿದವರು ಇಲ್ಲೂ ಕೈಬಿಡುತ್ತಾರೆಯೇ? ಬೇರು ಅಡ್ಡ ಬಂದಲ್ಲಿ ಬೇರು ಕಡಿಸಿದರು. ಕಾಂಕ್ರೀಟು, ಅದರ ಮೇಲೆ ಗ್ರಾನೈಟು, ಸುತ್ತ ಸ್ಟೀಲ್ ಕಂಬಿ, ಬೊಡ್ಡೆಯ ಮುಂದೆ ಪುಟ್ಟದೊಂದು ಗುಡಿ. "ಒಂದು ಹನಿ ನೀರು ಇಳಿಯಲ್ಲ ನೋಡಿ!" ಎಂದು ಹೆಮ್ಮೆಯಿಂದ ತೋರಿಸಿದರು.

ನನಗೆ ಮೈಯೆಲ್ಲ ಉರಿಯಿತು. ಸಮಿತಿಯವರು ಸೇರಿದ್ದಲ್ಲಿಗೆ ಹೋಗಿ ಕೂಗಾಡಿದೆ. ಬುಡಕ್ಕೆ ನೀರು ಬೇಡವೇ, ಗಾಳಿ ಬೇಡವೇ, ಇದು ಮರ, ಕಂಬ ಅಲ್ಲ ಎಂದೆ. ಓನರ್ ಸಿಟ್ಟಾಗಲಿಲ್ಲ. ಮಗುವಿಗೆ ಸಮಾಧಾನ ಹೇಳುವವರ ಹಾಗೆ ಹೇಳಿದರು: "ಮೇಡಂ, ಲೋಕಾನೇ ಕಾಯೋ ತಾಯಿ. ಒಂದು ಮರ ಕಾಯಲ್ವಾ?"

ಕಡಿಯಬೇಕೆನ್ನುವವನ ಜೊತೆ ಜಗಳವಾಡಬಹುದು. ಕೈಮುಗಿಯುವವನ ಜೊತೆ ಹೇಗೆ ಆಡುವುದು? ಮರವನ್ನು ಮರವೆಂದು ತಿಳಿದಿದ್ದಾಗ ಅದು ಸಾಯಬಲ್ಲದೆಂದು ಆ ಮನುಷ್ಯನಿಗೆ ಗೊತ್ತಿತ್ತು. ದೇವರೆಂದು ನಂಬಿದ ಮೇಲೆ ಅದಕ್ಕೆ ಸಾವೇ ಇಲ್ಲ ಎಂದುಕೊಂಡರು. ಗುಡಿಯ ಪ್ರಾರಂಭೋತ್ಸವದ ದಿನ ಅಮ್ಮನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮರ ಉಳಿಸಿದ ಮಹಾತಾಯಿ ಎಂದು ಮೈಕಿನಲ್ಲಿ ಹೊಗಳಿದರು. ಅಮ್ಮ ತಲೆ ತಗ್ಗಿಸಿಕೊಂಡು ಕೂತಿದ್ದಳು. ಅವಳ ಚಪ್ಪಡಿ ಕಲ್ಲನ್ನು ಕಟ್ಟೆಯ ಒಳಗೇ ಹಾಕಿ ಮುಚ್ಚಿಯಾಗಿತ್ತು.

ಆ ವರ್ಷದ ಅವರೆಕಾಯಿ ಕಾಲದಲ್ಲಿ ಹೆಂಗಸರು ಅಭ್ಯಾಸಬಲದಿಂದ ಮೊರ ಹಿಡಿದು ಬಂದರು. ಪೂಜೆಗೆಂದು ನೇಮಿಸಿದ್ದ ಅರ್ಚಕರು ಕಂಬಿಯ ಬಾಗಿಲಲ್ಲೇ ತಡೆದರು. "ದೇವರ ಸನ್ನಿಧಿ ಅಮ್ಮ. ಇಲ್ಲಿ ಕೂತು ಹರಟೆ ಹೊಡೆಯೋದು, ಸಿಪ್ಪೆ ಚೆಲ್ಲೋದು ಬೇಡ." ಒಬ್ಬೊಬ್ಬರೇ ತಿರುಗಿ ಹೋದರು. ಅಮ್ಮ ಅಡುಗೆಮನೆಯಲ್ಲಿ ಲೈಟು ಹಾಕಿಕೊಂಡು ಒಬ್ಬಳೇ ಸುಲಿದಳು. ಅವತ್ತು ಕೈ ನೋಯುತ್ತೆ ಎಂದಳು.

ಹೊಂಗೆ ಯುಗಾದಿಗೆ ಮುಂಚೆ ಎಲೆ ಉದುರಿಸಿ ಮತ್ತೆ ಚಿಗುರುತ್ತದೆ. ನೋಡುನೋಡುತ್ತಿದ್ದಂತೆ ಎಣ್ಣೆ ಸವರಿದ ಹಾಗೆ ಹೊಳೆಯುವ ಎಲೆ ಬಂದುಬಿಡುತ್ತದೆ. ಮರುವರ್ಷ ಎಲೆ ಉದುರಿತು. ಯುಗಾದಿ ಬಂತು, ಹೋಯಿತು. ಅಮ್ಮ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಕತ್ತೆತ್ತಿ ನೋಡುತ್ತಿದ್ದಳು. ಓನರ್ ಕೊಡಗಟ್ಟಲೆ ಹಾಲು ಹೊಯ್ಯಿಸಿದರು, ಹೋಮ ಮಾಡಿಸಿದರು. ಹೋಮದ ಹೊಗೆ ಒಣಕೊಂಬೆಗಳ ನಡುವೆ ಸಲೀಸಾಗಿ ಮೇಲೇರಿತು. ಕೊನೆಗೆ ಕೊಂಬೆಗಳನ್ನು ತೆಗೆಸಿ, ಮೋಟು ಬೊಡ್ಡೆಗೆ ಸೀರೆ ಉಡಿಸಿ, ಬೆಳ್ಳಿಯ ಮುಖವಾಡ ಹಾಕಿದರು. ಹೆಸರು ಮಾತ್ರ ಹೊಂಗೆ ಮರದಮ್ಮ ಅಂತಲೇ ಉಳಿಯಿತು.

"ಎಂಥಾ ಕೆಲಸ ಮಾಡ್ಬಿಟ್ಟೆ ನಾನು" ಎಂದು ಅಮ್ಮ ಒಂದು ಸಂಜೆ ಅಂದಳು.

"ನೀನೇನಮ್ಮ ಮಾಡ್ದೆ? ಅವತ್ತು ನೀನು ಫೋಟೋ ಇಡದಿದ್ರೆ ಅವತ್ತೇ ಹೋಗ್ತಿತ್ತು."

"ಅವತ್ತೇ ಹೋಗಿದ್ರೆ ಒಂದು ಏಟಿಗೆ ಹೋಗ್ತಿತ್ತು. ಹಾಲು ಕುಡಿಸಿ ಕುಡಿಸಿ ಉಸಿರು ಕಟ್ಟಿಸಿದ್ವಲ್ಲೇ."

ನನಗೆ ಅಳು ಬಂತು. ಎದ್ದು ಒಳಗೆ ಹೋದೆ.

ಈ ಸಲದ ಅವರೆಕಾಯಿ ಕಾಲದಲ್ಲಿ ಎದುರು ಬದಿಯ ಆಕಾಶಮಲ್ಲಿಗೆ ಮರಕ್ಕೆ ಕೆಂಪು ಗುರುತು ಬಿತ್ತು. ಮತ್ತೆ ರಸ್ತೆ ಕೆಲಸ. ಮಹಡಿ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ ಓಡಿಬಂದಳು. ಹಳೆಯ ಕತೆ ಅವಳ ಕಿವಿಗೂ ಬಿದ್ದಿತ್ತು. "ಅಜ್ಜಿ, ಪ್ಲೀಸ್, ಇನ್ನೊಂದು ಫೋಟೋ ಇದ್ಯಾ? ಮರ ಕಟ್ ಮಾಡಕ್ಕೆ ಬರ್ತಾ ಇದಾರೆ."

ಫೋಟೋ ಇತ್ತು. ಅಮ್ಮ ದೇವರಗೂಡಿನ ಮುಂದೆ ಹೋಗಿ ಕೈಮುಗಿದಳು. ಆಮೇಲೆ ಬರಿಗೈಯಲ್ಲಿ ಹೊರಗೆ ಬಂದು, "ದೇವರನ್ನ ಕಳಿಸಲ್ಲ. ನಾನೇ ಹೋಗ್ತೀನಿ. ಕುರ್ಚಿ ತಗೊಂಬಾ" ಎಂದಳು. ನಾನು ಕುರ್ಚಿ ಹಾಕಿದೆ. ಅಮ್ಮ ತೊಡೆಯ ಮೇಲೆ ಮೊರ ಇಟ್ಟುಕೊಂಡು ಆಕಾಶಮಲ್ಲಿಗೆಯ ಬುಡದಲ್ಲಿ ಕೂತು ಅವರೆಕಾಯಿ ಸುಲಿಯತೊಡಗಿದಳು. ಮೊರದೊಳಕ್ಕೆ ಒಂದೆರಡು ಬಿಳಿ ಹೂ ಬಿದ್ದವು.

ಗರಗಸದವರು ಬಂದರು. ಯಾರೂ ಒರಟಾಗಿ ಮಾತಾಡಲಿಲ್ಲ. "ಅಜ್ಜಿ, ಪಕ್ಕಕ್ಕೆ ಬನ್ನಿ, ಕೊಂಬೆ ಮೈಮೇಲೆ ಬೀಳತ್ತೆ" ಎಂದರು.

"ಈ ಮರದ ನೆರಳು ನಂಗೆ ಬೇಕಪ್ಪ" ಎಂದಳು ಅಮ್ಮ. ಅಷ್ಟೇ. ದೇವರ ಹೆಸರು ಎತ್ತಲಿಲ್ಲ, ಶಾಪ ಹಾಕಲಿಲ್ಲ. ನಾನು ಅಡ್ಡ ನಿಂತು ಗಂಟಲು ಹರಿಯುವಂತೆ ಕೂಗಿದೆ. ಆ ಹುಡುಗಿ ವಿಡಿಯೋ ಮಾಡುತ್ತ ಅತ್ತಳು.

ಇಬ್ಬರು ಬಂದು, ನಮ್ಮನ್ನು ಬಳಸಿಕೊಂಡು ಹೋಗಿ, ಅಮ್ಮನನ್ನು ಕುರ್ಚಿ ಸಮೇತ ಎತ್ತಿದರು. ಮೊರದ ಒಂದು ಕಾಳೂ ಚೆಲ್ಲದ ಹಾಗೆ, ಜೋಪಾನವಾಗಿ. ಸೀಳಿದ ಗಾಜಿನ ಫೋಟೋ ಎದುರು ಚಪ್ಪಲಿ ಬಿಟ್ಟು ನಡುಗಿದ ಜನವೇ ಇದು. ಉಸಿರಾಡುವ ನನ್ನಮ್ಮನಿಗೆ ಯಾರೂ ಹೆದರಲಿಲ್ಲ. ರಸ್ತೆ ದಾಟಿಸಿ ಗುಡಿಯ ಕಂಬಿಯ ಪಕ್ಕ ಇಳಿಸಿದರು. ಅಲ್ಲಿ ಬಿಸಿಲಿತ್ತು. ಹಿಂದೆ ಗರಗಸ ಶುರುವಾಯಿತು. ಅಮ್ಮ ತಿರುಗಿ ನೋಡಲಿಲ್ಲ. ಕೈ ತಂತಾನೇ ಕಾಯಿ ಸುಲಿಯುತ್ತಿತ್ತು.

ಗುಡಿಯ ಒಳಗಿನಿಂದ ಅರ್ಚಕರು ಇಣುಕಿದರು. "ಅಮ್ಮ, ದೇವರ ಮುಂದೆ ಸಿಪ್ಪೆ ಬೀಳಿಸ್ಬೇಡಿ."

ಅಮ್ಮ ಬಗ್ಗಿ, ಗ್ರಾನೈಟಿನ ಮೇಲೆ ಬಿದ್ದಿದ್ದ ಸಿಪ್ಪೆಯನ್ನು ಒಂದೊಂದಾಗಿ ಆಯ್ದು ಸೆರಗಿಗೆ ಹಾಕಿಕೊಂಡಳು. ಆಮೇಲೆ ನನ್ನ ಕೈಹಿಡಿದು ಎದ್ದು, "ಒಳಗೆ ಹೋಗೋಣ ನಡಿ" ಎಂದಳು. ಅವತ್ತಿನಿಂದ ಅವಳು ಗೇಟು ದಾಟಿಲ್ಲ.