ತೊಳೆದ ಸೊಪ್ಪು

ರೇಷ್ಮೆಹುಳುಗಳಿಗೆ ಹಾಕಲು ನಾನು ಎತ್ತಿಕೊಂಡಿದ್ದ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿಯನ್ನು ಮನೆಯೊಡತಿ ಮುನಿಯಮ್ಮ ಕಿತ್ತುಕೊಂಡು, ಸೊಪ್ಪನ್ನೆಲ್ಲ ಹಸುವಿನ ಮುಂದೆ ಸುರಿದರು. ಎಂಬತ್ತರ ದಶಕದ ಮಾತು. ಉಡುಪಿಯಿಂದ ಬಯಲುಸೀಮೆಯ ಸಾದಲಿ ಎಂಬ ಊರಿಗೆ ಟೀಚರಾಗಿ ಬಂದು ಅವರ ಮನೆಯಲ್ಲೇ ಬಾಡಿಗೆಗಿದ್ದೆ. ಹುಳ ಗೂಡು ಕಟ್ಟಲು ಇನ್ನು ನಾಲ್ಕೇ ದಿನ ಇತ್ತು. ಸಹಾಯ ಮಾಡಲು ಹೋದವಳು, ಧೂಳು ಕೂತಿದೆಯೆಂದು ಸೊಪ್ಪನ್ನು ಚೆನ್ನಾಗಿ ತೊಳೆದಿದ್ದೆ.

“ಒದ್ದೆ ಸೊಪ್ಪು ತಿಂದ್ರೆ ಹುಳ ಸತ್ತೋಗ್ತವೆ ಟೀಚರಮ್ಮ. ನಿಮ್ಮ ಕಡೆ ಮಳೆ ಇಲ್ಲಿ ಸುರಿದಿದ್ರೆ ನಮ್ಮನೇಲಿ ಒಂದು ಹುಳಾನೂ ಗೂಡು ಕಟ್ತಿರ್ಲಿಲ್ಲ,” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಮರುದಿನ ಶಾಲೆಯಲ್ಲಿ ರಾಜ್ಯದ ಪ್ರಾಕೃತಿಕ ವಿಭಾಗಗಳ ಪಾಠವಿತ್ತು. ಬಯಲುಸೀಮೆ ಬಂದಾಗಲೆಲ್ಲ ನಾನು ‘ಪಾಪ, ಮಳೆ ಕಡಿಮೆ’ ಅನ್ನುತ್ತಿದ್ದೆ. ಅವತ್ತು ‘ಮಳೆ ಕಡಿಮೆ’ ಎಂದಷ್ಟೇ ಹೇಳಿ ಮುಂದಿನ ಸಾಲಿಗೆ ಹೋದೆ.